ನೆಗ್ಗು ತಪ್ಪಲೆಯ ಕಷಾಯ

ಒಂದು ಹಳೇ ಹಿತ್ತಾಳೆ ತಪ್ಪಲೆಗೆ ನಾನು ಒಂಬೈನೂರು ರೂಪಾಯಿ ಕೊಟ್ಟೆ. ಒಂದೂಕಾಲು ಲೀಟರ್ ಹಿಡಿಯುವ ಪುಟ್ಟ ತಪ್ಪಲೆ. ಹೊರಗೆ ಪಾಲಿಶ್ ಹೊಡೆದಿದ್ದಾರೆ, ಒಳಗೆ ಕಲಾಯಿ ಅರ್ಧಕ್ಕರ್ಧ ಹೋಗಿದೆ. ಅಂಥದ್ದನ್ನು ಯಾರಾದರೂ ನನ್ನ ಅಂಗಡಿಗೆ ತಂದಿದ್ದರೆ ತಕ್ಕಡಿಗೆ ಹಾಕಿ, ಮೂಗು ಮುರಿದು, ಇದರ ಮೂರರಲ್ಲೊಂದು ಪಾಲು ಕೊಡುವುದಕ್ಕೂ ಅರ್ಧ ಗಂಟೆ ಸತಾಯಿಸುತ್ತಿದ್ದೆ. ಅದಿರಲಿ, ಕೇಳಿದಷ್ಟನ್ನು ಕೇಳಿದ ಹಾಗೆಯೇ ಎಣಿಸಿಕೊಟ್ಟೆ ಎಂದರೆ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆಗುವುದಕ್ಕೆ ಮುಂಚೆ ಕಂಡಕ್ಟರ್ ಹತ್ತಿರವೂ ಚೌಕಾಸಿಗೆ ಇಳಿದವಳು ನಾನು. ಅಂಥವಳು ಯಾಕೆ ಹೀಗೆ ಮಾಡಿದೆ ಎಂದರೆ, ಕಾರಣ ಒಂದು ನೆಗಡಿ.

ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಅಂಗಡಿ ಆಗುವುದಕ್ಕೆ ಮೊದಲು ಅದು ಒಂದು ಬುಟ್ಟಿ. ಬುಟ್ಟಿ ನನ್ನ ತಲೆಯ ಮೇಲೆ. ಹಳ್ಳಿಮೈಸೂರು, ಹಳೇಕೋಟೆ ಕಡೆಯೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ, ಹಳೇ ಹಿತ್ತಾಳೆ ತಾಮ್ರ ಇಸಿದುಕೊಂಡು ಹೊಸ ಸ್ಟೀಲು ಕೊಟ್ಟು ಮೇಲೆ ಬಂದವಳು. ಜಗುಲಿಯಲ್ಲಿ ಕೂತು ವ್ಯಾಪಾರ ಕುದುರುವ ಹೊತ್ತಿಗೆ ಪ್ರತಿ ಮನೆಯ ಹೆಂಗಸೂ ಒಂದೊಂದು ಮದ್ದು ಹೇಳುತ್ತಿದ್ದಳು. ಹಲ್ಲುನೋವಿಗೆ ಲವಂಗ, ಹೊಟ್ಟೆಯುಬ್ಬರಕ್ಕೆ ಓಮ ಮತ್ತು ಕಲ್ಲುಪ್ಪು, ಉರಿಮೂತ್ರಕ್ಕೆ ನೆನೆಹಾಕಿದ ಕೊತ್ತಂಬರಿ ಬೀಜದ ನೀರು, ಗಂಟಲು ಕಟ್ಟಿದರೆ ಮೆಣಸು ಕಲ್ಲುಸಕ್ಕರೆ. ಅರಕಲಗೂಡಿನ ಕಡೆ ಒಬ್ಬ ಅಜ್ಜಿ ಅಜೀರ್ಣದ ಮದ್ದು ಹೇಳಿಕೊಟ್ಟು, ಅದಕ್ಕೆ ಒಂದು ಲೋಟ ಜಾಸ್ತಿ ಕೊಡು ಎಂದು ಪಟ್ಟು ಹಿಡಿದಿದ್ದಳು. ನಾನು ಒಂದು ಚಮಚಕ್ಕೆ ಇಳಿಸಿದೆ. ಆ ಮದ್ದು ಇವತ್ತಿಗೂ ಚಮಚದಷ್ಟೇ ಕೆಲಸ ಮಾಡುತ್ತದೆ.

ಹೀಗೆ ಕೂಡಿಹಾಕಿದ ಮದ್ದನ್ನೆಲ್ಲ ಈಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಂಚುತ್ತೇನೆ. ಕುಕ್ಕರಿಗೆ ಬಂದವರು ಒಮ್ಮೆ ಕೆಮ್ಮಿದರೆ ಸಾಕು, ಮೆಣಸು ಎಷ್ಟು, ಒಣಶುಂಠಿ ಎಷ್ಟು, ಜೀರಿಗೆ ಹುರಿಯಬೇಕೋ ಬೇಡವೋ ಎಲ್ಲ ಹೇಳಿ, ಕೊನೆಗೆ, ‘ಅಲ್ಯೂಮಿನಿಯಮ್ಮಿನಲ್ಲಿ ಮಾತ್ರ ಕಾಯಿಸಬೇಡಿ, ತಳ ದಪ್ಪ ಇರೋ ಸ್ಟೀಲು ಬೇಕು’ ಎನ್ನುತ್ತೇನೆ. ತಳ ದಪ್ಪ ಇರುವ ಸ್ಟೀಲು ನನ್ನ ಬೆನ್ನ ಹಿಂದೆಯೇ ಸಾಲಾಗಿ ನಿಂತಿರುತ್ತದೆ. ಹೈಸ್ಕೂಲಿನ ಮೇಷ್ಟ್ರೊಬ್ಬರು ಒಂದು ದಿನ, ‘ಲಕ್ಷ್ಮಮ್ಮ, ನಮ್ಮ ಮನೆಯವಳ ಕೆಮ್ಮು ಹೋಯ್ತೋ ಇಲ್ವೋ ಗೊತ್ತಿಲ್ಲ, ಪಾತ್ರೆ ಮಾತ್ರ ಏಳಾಯ್ತು’ ಎಂದರು. ವ್ಯಾಪಾರಕ್ಕಾಗಿ ಮದ್ದು ಹೇಳುತ್ತೇನೆ ಎಂದು ಬೀದಿಯವರ ಲೆಕ್ಕ. ನಾನೂ ಆ ಲೆಕ್ಕವನ್ನು ತಿದ್ದಲು ಹೋಗಿಲ್ಲ. ನಿಮಗೆ ಹೇಳಿದರೆ ಏನೂ ನಷ್ಟವಿಲ್ಲ: ಕೊಂಡು ಮುಗಿದ ಗಿರಾಕಿಯನ್ನು ಇನ್ನೊಂದು ಐದು ನಿಮಿಷ ನಿಲ್ಲಿಸಿಕೊಳ್ಳುವುದಕ್ಕೆ ಕೆಮ್ಮು ನೆಗಡಿಯಂಥ ವಿಷಯ ಬೇರೆ ಇಲ್ಲ. ನಮ್ಮವರು ಹೋಗಿ ಹನ್ನೆರಡು ವರ್ಷವಾಯಿತು. ಮಕ್ಕಳಾಗಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಮುಂದೆ ನೂರಾರು ತಟ್ಟೆ, ಹಿಂದೆ ಒಂದು ತಟ್ಟೆ.

ಹೋದ ಧನುರ್ಮಾಸದಲ್ಲಿ ನನಗೇ ನೆಗಡಿ ಹಿಡಿಯಿತು. ಮೊದಲ ದಿನ ಒಳಗೊಳಗೆ ಸ್ವಲ್ಪ ಉತ್ಸಾಹವೇ ಆಯಿತೆಂದು ಕಾಣುತ್ತದೆ, ಗೋಡೌನ್ ತುಂಬ ಮಾಲು ಇಟ್ಟುಕೊಂಡವನಿಗೆ ಕೊನೆಗೂ ಆರ್ಡರ್ ಬಂದ ಹಾಗೆ. ಆದರೆ ಮೂವತ್ತು ವರ್ಷ ಊರಿಗೆಲ್ಲ ಮದ್ದು ಹೇಳಿದವಳಿಗೆ ಗೊತ್ತೇ ಇರದಿದ್ದ ಒಂದು ವಿಷಯ ಆ ಎರಡು ದಿನದಲ್ಲಿ ಗೊತ್ತಾಯಿತು. ಮನೆಮದ್ದಿಗೆ ಇಬ್ಬರು ಬೇಕು. ಅರಿಸಿನದ ಕೊಂಬನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿದು ಹೊಗೆ ಎಳೆದುಕೊಳ್ಳಬೇಕು ಎಂದು ನಾನು ನೂರು ಜನಕ್ಕೆ ಹೇಳಿದ್ದೇನೆ. ಒಂದು ಕೈಯಲ್ಲಿ ಕೊಂಬು ಹಿಡಿದು, ಇನ್ನೊಂದು ಕೈಯಲ್ಲಿ ಮೂಗಿನ ಹೊಳ್ಳೆ ಮುಚ್ಚಿ, ಕಣ್ಣನ್ನೂ ಮುಚ್ಚಿಕೊಂಡರೆ, ಉರಿಯುವ ಕೊಂಬು ಎಲ್ಲಿದೆ ಎಂದು ನೋಡುವವರು ಯಾರು? ನನ್ನ ಎಡಹುಬ್ಬು ಈಗಲೂ ಬಲಹುಬ್ಬಿಗಿಂತ ಚಿಕ್ಕದಿದೆ. ಕಂಬಳಿ ಹೊದ್ದು ಓಮದ ನೀರಿನ ಹಬೆ ತೆಗೆದುಕೊಳ್ಳಲು ಕೂತೆ. ಒಳಗೆ ಸೇರಿಕೊಂಡ ಮೇಲೆ ಹಿಂದಿನಿಂದ ಕಂಬಳಿ ಜಾರಿ, ಹಬೆಯೆಲ್ಲ ಅಡುಗೆಮನೆಯ ಗೋಡೆಗೆ ಹೋಯಿತು. ಗೋಡೆಗೇನೂ ನೆಗಡಿ ಇರಲಿಲ್ಲ.

ಬೆನ್ನಿಗೆ ಓಮದೆಣ್ಣೆ ತಿಕ್ಕುವ ಪ್ರಸಂಗವಂತೂ ಹೇಳುವ ಹಾಗಿಲ್ಲ, ಆದರೂ ಹೇಳುತ್ತೇನೆ. ಕೈ ಮೇಲಿನಿಂದ ಒಂದು ಗೇಣು ಹೋಗುತ್ತದೆ, ಕೆಳಗಿನಿಂದ ಒಂದು ಗೇಣು ಬರುತ್ತದೆ. ನಡುವೆ ಒಂದು ಅಂಗೈ ಜಾಗ ಯಾವ ಕಡೆಯಿಂದಲೂ ಸಿಗುವುದಿಲ್ಲ. ನೋವು ಇರುವುದು ಸರಿಯಾಗಿ ಅಲ್ಲೇ. ಸೌಟಿಗೆ ಬಟ್ಟೆ ಸುತ್ತಿ ಪ್ರಯತ್ನಪಟ್ಟೆ. ಕೊನೆಗೆ ಬಾಗಿಲ ಚೌಕಟ್ಟಿಗೆ ಎಣ್ಣೆ ಹಚ್ಚಿ ಎಮ್ಮೆ ಕಂಬಕ್ಕೆ ಉಜ್ಜಿಕೊಳ್ಳುವ ಹಾಗೆ ಉಜ್ಜಿಕೊಂಡೆ. ಇನ್ನು ಕಷಾಯ. ಮಾಡಿಕೊಂಡೆ, ಚೆನ್ನಾಗಿಯೇ ಮಾಡಿಕೊಂಡೆ. ಎರಡು ಗುಟುಕಿಗೆ ಕಣ್ಣಲ್ಲಿ ನೀರು ಬಂತು. ‘ಸುಮ್ನೆ ಕುಡೀ, ಮುಖ ಯಾಕಂಗೆ ಮಾಡ್ತೀಯ’ ಎಂದು ಗದರುವವರು ಎದುರಿಗೆ ಇಲ್ಲದಿದ್ದರೆ ಕಷಾಯ ಗಂಟಲಿಗೆ ಇಳಿಯುವುದಿಲ್ಲ. ಉಳಿದದ್ದನ್ನು ಸಿಂಕಿಗೆ ಸುರಿದೆ.

ನಮ್ಮ ಅಂಗಡಿಯ ಎದುರಿಗೆ ಶಿವನಂಜಮ್ಮನ ದಿನಸಿ ಅಂಗಡಿ. ಎಲ್ಲರಿಗೂ ಅವಳು ನಂಜಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಬೆಳಗಿನಿಂದ ಸಂಜೆವರೆಗೆ ಬೆಲ್ಲದ ಅಚ್ಚುಗಳ ಪಕ್ಕದ ಸ್ಟೂಲು ಬಿಟ್ಟು ಏಳುವವಳಲ್ಲ. ಇಪ್ಪತ್ತು ವರ್ಷದಿಂದ ನಾವಿಬ್ಬರೂ ದಿನಾ ಜಗಳದಂಥ ಚೌಕಾಸಿ ಮಾಡುತ್ತ ಬಂದಿದ್ದೇವೆ. ಹೊಸ್ತಿಲು ದಾಟಿ ಒಬ್ಬರ ಮನೆಗೆ ಒಬ್ಬರು ಹೋದದ್ದಿಲ್ಲ. ಮೂರನೇ ದಿನ ಸಂಜೆ ನಾನು ಅರ್ಧ ಷಟರ್ ಎಳೆದು ಹಿಂದಿನ ಅಡುಗೆಮನೆಯಲ್ಲಿ ಕೂತಿದ್ದಾಗ ನಂಜಕ್ಕ ಬಗ್ಗಿಕೊಂಡು ಒಳಗೇ ಬಂದಳು. ಸೆರಗಿನಲ್ಲಿ ಹಿಡಿದ ಒಂದು ಹಿತ್ತಾಳೆ ತಪ್ಪಲೆ, ಅದರ ಮೇಲೆ ತಟ್ಟೆ.

‘ಮೂರ್ ದಿನದಿಂದ ಕೇಳ್ತಾನೇ ಇವ್ನಿ. ಗಿರಾಕಿ ಕೇಳಿದ್ದು ನನ್ಗೆ ಕೇಳ್ಸಾಕಿಲ್ಲ, ಅಂಗ್ ಕೆಮ್ತೀಯ,’ ಎಂದಳು.

‘ಕಷಾಯ ಮಾಡ್ಕೊಂಡಿದ್ದೆ ಅಕ್ಕ.’

‘ಮಾಡ್ಕೊಂಡೆ ಸರಿ. ಕುಡುದ್ಯಾ?’

ನಾನು ಸಿಂಕಿನ ಕಡೆ ನೋಡಲಿಲ್ಲ. ಅವಳು ನೋಡಿದಳು.

‘ಮೆಣಸು ನಮ್ಮಂಗ್ಡೀದೇ ತಾನೆ? ಐದ್ ರೂಪಾಯ್ ಬುಡ್ಸ್ಕಂಡು ಓದ್ಯಲ್ಲ, ಅದ್ಕೇ ಅತ್ಲಿಲ್ಲ. ಮದ್ದಿನ್ ಸಾಮಾನಿಗೆ ಚೌಕಾಸಿ ಮಾಡ್ಬಾರ್ದು ಕಣವ್ವ, ಮಾಡುದ್ರೆ ಮದ್ದು ಅತ್ತಾಕಿಲ್ಲ. ನಿಮ್ಮವ್ವ ಏಳ್ಕೊಡ್ನಿಲ್ವಾ?’

ಹೇಳಿಕೊಟ್ಟಿದ್ದಳು. ಮದ್ದಿಗೆ ಕೇಳಿದ ಬೆಲೆ ಕೊಡಬೇಕು, ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ ಎಂದು ನಮ್ಮವ್ವನೂ ಹೇಳುತ್ತಿದ್ದಳು. ಅದು ಅಂಗಡಿಯವರು ಕಟ್ಟಿದ ಮಾತಿರಬೇಕು ಎಂದು ನನಗೆ ಚಿಕ್ಕಂದಿನಿಂದಲೂ ಅನುಮಾನ. ಅದನ್ನು ಹೇಳೋಣವೆಂದು ಬಾಯಿ ತೆರೆದರೆ ಕೆಮ್ಮು ಬಂತು. ನಂಜಕ್ಕ ಲೋಟಕ್ಕೆ ಬಗ್ಗಿಸಿ, ‘ಕುಡಿ, ನಾನ್ ನೋಡ್ತೀನಿ’ ಎಂದು ಎದುರಿಗೆ ನಿಂತಳು. ಪೂರ್ತಿ ಕುಡಿದೆ. ಆಮೇಲೆ ಅವಳು ನನ್ನ ಓಮದೆಣ್ಣೆಯನ್ನು ಬಿಸಿ ಮಾಡಿ, ನನ್ನನ್ನು ಗೋಡೆ ಕಡೆ ತಿರುಗಿಸಿ ಕೂರಿಸಿ, ಆ ಒಂದು ಅಂಗೈ ಜಾಗದಲ್ಲಿ ಕೈ ಇಟ್ಟಳು. ಬೆಲ್ಲದ ಅಚ್ಚು ಒಡೆದೊಡೆದು ಕಲ್ಲಾದ ಕೈ. ಹನ್ನೆರಡು ವರ್ಷದಲ್ಲಿ ನನ್ನ ಬೆನ್ನಿಗೆ ತಗುಲಿದ್ದು ಬಸ್ಸಿನಲ್ಲಿ ಹಿಂದೆ ನಿಂತವರ ಚೀಲ ಮಾತ್ರ. ನನಗೆ ಕಣ್ಣಲ್ಲಿ ನೀರು ಬಂದದ್ದಕ್ಕೆ ನಂಜಕ್ಕ, ‘ಇಪ್ಪಲಿ ಜಾಸ್ತಿ ಆಯ್ತೇನೋ’ ಎಂದಳು. ಹಿಪ್ಪಲಿ ಇರಬೇಕು ಎಂದು ನಾನೂ ಒಪ್ಪಿಕೊಂಡೆ. ಹೋಗುವಾಗ, ‘ತಪ್ಲೆ ತೊಳ್ದಿಕ್ಕು, ನಾಳಿಕ್ಕೂ ಮಾಡ್ಕೊಂಡ್ ಬತ್ತೀನಿ’ ಎಂದು ಹೇಳಿ ಹೋದಳು.

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು; ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಬೆಳಿಗ್ಗೆ ತಪ್ಪಲೆ ತೊಳೆದು, ಏನು ಹಾಕಿ ಕೊಡಲಿ ಎಂದು ಕೈಯಲ್ಲಿ ಹಿಡಿದು ನೋಡಿದೆ. ನೋಡಬಾರದಿತ್ತು. ಪಾತ್ರೆ ಕೈಗೆ ಬಂದರೆ ನನಗೆ ತೂಕ ಕಾಣುತ್ತದೆ, ಕಲಾಯಿ ಕಾಣುತ್ತದೆ, ಓರೆಕೋರೆ ಕಾಣುತ್ತದೆ. ಹೊಟ್ಟೆಯ ಮೇಲೆ ಹೆಬ್ಬೆಟ್ಟಿನಷ್ಟು ದೊಡ್ಡ ನೆಗ್ಗು. ಪಾಪ, ಇಷ್ಟು ಮಾಡಿದವಳಿಗೆ ಇಂಥ ಹಳೇದನ್ನೇ ವಾಪಸ್ ಕೊಡುವುದೇ ಎನಿಸಿತು. ಅಂಗಡಿಯಲ್ಲಿದ್ದ ಒಳ್ಳೇ ಸ್ಟೀಲ್ ತಪ್ಪಲೆ ಆರಿಸಿ, ಒಳಗೆ ಒಂದು ಅಚ್ಚು ಬೆಲ್ಲ ಇಟ್ಟು, ಎದುರಂಗಡಿಗೆ ಹೋದೆ. ನಂಜಕ್ಕ ಇರಲಿಲ್ಲ, ಸೊಸೆ ಇಸಿದುಕೊಂಡಳು. ಅದೇ ದಿನ ಚನ್ನರಾಯಪಟ್ಟಣದ ರಂಗ ಟೆಂಪೋ ತಂದ. ನಾನು ತಿಂಗಳೆಲ್ಲ ಕೂಡಿಸಿದ ಹಳೇ ಹಿತ್ತಾಳೆಯನ್ನು ತೂಕಕ್ಕೆ ಕೊಳ್ಳುವವನು ಅವನು. ಮೂಟೆ ಕಟ್ಟುವಾಗ ನಂಜಕ್ಕನ ತಪ್ಪಲೆಯೂ ಅದಕ್ಕೆ ಬಿತ್ತು. ನಾನೇ ಹಾಕಿದೆ. ಹಳೇದು ಇಸಿದುಕೊಂಡು ಹೊಸದು ಕೊಟ್ಟ ಮೇಲೆ ಹಳೇದು ಮೂಟೆಗೇ ಹೋಗುವುದು. ಮೂವತ್ತು ವರ್ಷದಿಂದ ಕೈ ಅದನ್ನೇ ಕಲಿತಿದೆ.

ಸಂಜೆ ನಂಜಕ್ಕ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಂದಳು, ಸ್ಟೀಲ್ ತಪ್ಪಲೆ ಹಿಡಿದುಕೊಂಡು.

‘ನನ್ ತಪ್ಲೆ ಎಲ್ಲವ್ವ?’

‘ಅಕ್ಕ, ಅದು ನೆಗ್ಗೋಗಿತ್ತು. ಇದು ನೋಡು, ತಳ ದಪ್ಪ, ಐದು ವರ್ಷ ಗ್ಯಾರಂಟಿ.’

‘ಗ್ಯಾರಂಟಿ ಯಾರ್ ಕೇಳುದ್ರು? ಇದ್ರಾಗೆ ಎಲ್ಲೀಗಂಟ ಇಂಗುಸ್ಲಿ, ಏಳು?’

ಆಗ ತಿಳಿಯಿತು. ಅವಳ ಅತ್ತೆಯ ಕಾಲದಲ್ಲಿ ಆ ತಪ್ಪಲೆ ಅಟ್ಟದಿಂದ ಬಿದ್ದು ನೆಗ್ಗಿತ್ತಂತೆ. ಹೊರಗೆ ನೆಗ್ಗಿದ್ದು ಒಳಗೆ ಗುಬ್ಬಿಯ ತಲೆಯ ಹಾಗೆ ಉಬ್ಬಿಕೊಂಡಿತ್ತು. ಅತ್ತೆ ಅದನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಕಂಠದವರೆಗೆ ನೀರು, ಮೆಣಸು, ಶುಂಠಿ, ಹಿಪ್ಪಲಿ ಹಾಕಿ ಕುದಿಸುತ್ತ ಹೋಗುವುದು. ನೀರು ಇಂಗಿ ಗುಬ್ಬಿ ತಲೆ ಎತ್ತಿದರೆ ಕಷಾಯ ಆಯಿತು, ಇಳಿಸುವುದು. ಅಳತೆ, ಲೋಟ, ಗಡಿಯಾರ ಒಂದೂ ಇಲ್ಲ. ಎರಡು ತಲೆಮಾರಿನ ಕೆಮ್ಮು ಆ ಗುಬ್ಬಿಯನ್ನು ನೋಡಿಕೊಂಡು ವಾಸಿಯಾಗಿದೆ. ನಾನು ಪಾತ್ರೆ ಎಂದುಕೊಂಡು ಮೂಟೆಗೆ ಹಾಕಿದ್ದು ಅವರ ಮನೆಯ ಮದ್ದನ್ನೇ.

ನಂಜಕ್ಕ ರೇಗಲಿಲ್ಲ. ಸ್ಟೀಲ್ ತಪ್ಪಲೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ‘ಬೆಲ್ಲಾನೂ ಒಳ್ಗೇ ಐತೆ. ನಮ್ಮಂಗ್ಡೀದೇಯ, ಗುರ್ತು ಸಿಕ್ತು’ ಎಂದು ಹೋದಳು. ಅದರ ಮಾರನೆಯ ದಿನ ಮೆಣಸು ಕೊಳ್ಳುವ ನೆಪದಲ್ಲಿ ಅವಳ ಅಂಗಡಿಗೆ ಹೋದೆ. ಬೇಕೆಂದೇ ಅರ್ಧ ಬೆಲೆಗೆ ಕೇಳಿದೆ. ‘ನಿನ್ ಕಣ್ಣಿಗೆ ಇದು ಪರಂಗಿ ಬೀಜದಂಗ್ ಕಾಣ್ತದಾ’ ಎಂದು ಶುರುಮಾಡುತ್ತಾಳೆ ಎಂದು ಕಾದೆ. ಅವಳು ಪೊಟ್ಟಣ ಕಟ್ಟಿ, ನಾನು ಕೇಳಿದ ಬೆಲೆಗೇ ಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದಳು. ಇಪ್ಪತ್ತು ವರ್ಷದಲ್ಲಿ ಅಷ್ಟು ಅಗ್ಗಕ್ಕೆ ಮೆಣಸು ಕೊಂಡಿರಲಿಲ್ಲ, ಅಷ್ಟು ದುಬಾರಿ ಅನಿಸಿದ್ದೂ ಇರಲಿಲ್ಲ. ಮನೆಗೆ ಬಂದು ಪೊಟ್ಟಣ ಬಿಚ್ಚಲಿಲ್ಲ. ಅಂಗಡಿಗೆ ಬೀಗ ಹಾಕಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ನನ್ನ ಕೆಮ್ಮು ಕೇಳಿ, ಜೇನುತುಪ್ಪದಲ್ಲಿ ಮೆಣಸಿನ ಪುಡಿ ಕಲಸಿ ನೆಕ್ಕಿ ಎಂದು ಮದ್ದು ಹೇಳಿ, ಎದ್ದು ಹಿಂದಿನ ಸೀಟಿಗೆ ಹೋದಳು. ನಾನೂ ಜನಕ್ಕೆ ಇಷ್ಟು ದಿನ ಹೀಗೇ ಮಾಡಿದ್ದೇನೋ ಏನೋ.

ರಂಗ ಮೂಲದಲ್ಲಿ ಬಾಗೂರಿನವನು. ಸೈಕಲ್ಲಿನಲ್ಲಿ ಗುಜರಿ ಆಯುತ್ತಿದ್ದವನನ್ನು ಕೂರಿಸಿಕೊಂಡು ವ್ಯಾಪಾರ ಕಲಿಸಿದವಳು ನಾನೇ. ಮಾಲು ಬೇಕು ಎಂದು ಮುಖದಲ್ಲಿ ತೋರಿಸಬೇಡ, ಕೇಳಿದ್ದರಲ್ಲಿ ಅರ್ಧದಿಂದ ಶುರುಮಾಡು, ಒಪ್ಪದಿದ್ದರೆ ಎದ್ದು ನಡಿ, ಹಿಂದಕ್ಕೆ ತಿರುಗಬೇಡ. ನಾನು ಈಗ ಏದುಸಿರು ಬಿಡುತ್ತ ಅವನ ಗೋಡೌನಿಗೆ ಹೋಗಿ ನಿಂತಿದ್ದೆ.

‘ರಂಗ, ಮೊನ್ನೆ ಮೂಟೇಲಿ ಒಂದು ಪುಟ್ಟ ತಪ್ಲೆ ಬಂತಲ್ಲ, ಅದು ಬೇಕು.’

‘ಅದಾ? ಹಾಸನದ ಪಾರ್ಟಿಗೆ ಎತ್ತಿಕ್ಕಿವ್ನಿ ಅಕ್ಕ. ಓಟ್ಲು ಮಾಡ್ತಾವ್ರೆ, ಗೋಡೆ ಮ್ಯಾಲೆ ಜೋಡ್ಸಾಕೆ ಅಳೇ ಇತ್ತಾಳೆ ಬೇಕಂತೆ.’

‘ಎಷ್ಟು?’

‘ಒಂಬೈನೂರು,’ ಎಂದು ಹೇಳಿ, ಸ್ಟೂಲ್ ಎಳೆದುಕೊಂಡು ಅರ್ಧ ಗಂಟೆಯ ಕೆಲಸಕ್ಕೆ ತಯಾರಾಗಿ ಕೂತ. ನಾನು ಪರ್ಸು ತೆಗೆದು ಎಣಿಸಿ ಮುಂದೆ ಹಿಡಿದೆ. ಅವನು ದುಡ್ಡು ಮುಟ್ಟಲಿಲ್ಲ.

‘ಯಾಕಕ್ಕ, ಮೈಯಾಗ್ ಉಸಾರಿಲ್ವಾ?’

‘ಸ್ವಲ್ಪ ಕೆಮ್ಮು ಅಷ್ಟೇ.’

‘ನಾನೂರು ಅನ್ನಾಕಿಲ್ವಾ ನೀವು?’

‘ಇಲ್ಲ.’

‘ಮುನ್ನೂರೈವತ್ತು ಅಂದ್ಬುಟ್ಟು ಎದ್ದೋಗಾಕಿಲ್ವಾ?’

‘ಇಲ್ಲ ಕಣ್ಲಾ, ಇಸ್ಕೊ.’

ರಂಗನಿಗೆ ಹೆದರಿಕೆಯಾಯಿತು. ‘ಸುಮ್ಕೆ ಅಂದೆ ಅಕ್ಕ, ಐನೂರು ಕೊಡಿ’ ಎಂದ. ನಾನು ಒಪ್ಪಲಿಲ್ಲ. ‘ಮದ್ದಿನ ಪಾತ್ರೆ, ಇಳಿಸ್ಬೇಡ’ ಎಂದೆ. ಆರುನೂರಾದರೂ ಮಾಡಿಕೊಳ್ಳಿ ಎಂದು ಅವನು, ಒಂಬೈನೂರಕ್ಕೆ ಕಡಿಮೆ ಕೊಡುವುದಿಲ್ಲ ಎಂದು ನಾನು, ಇಬ್ಬರೂ ತಿರುವುಮುರುವಾಗಿ ಸ್ವಲ್ಪ ಹೊತ್ತು ಎಳೆದಾಡಿದೆವು. ಗೆದ್ದದ್ದು ನಾನೇ. ಅವನು ಪೇಪರಿನಲ್ಲಿ ಸುತ್ತಿದ್ದನ್ನು ಕೊಟ್ಟು, ‘ಡಾಕ್ಟ್ರಿಗೆ ತೋರ್ಸಿ ಅಕ್ಕ’ ಎಂದ. ಆಮೇಲೆ ಸ್ವಲ್ಪ ಹೆಮ್ಮೆಯಿಂದ, ‘ಒಟ್ಟೇಲಿ ಒಂದು ನೆಗ್ಗಿತ್ತು, ಒಡ್ದು ಸಮ ಮಾಡ್ಸಿ ಪಾಲೀಸ್ ಆಕ್ಸಿವ್ನಿ. ಅದ್ರ ಕೂಲೀನೂ ಸೇರಿ ಒಂಬೈನೂರು’ ಎಂದ. ಗುಬ್ಬಿಯನ್ನು ಓಡಿಸಿದ ಕೂಲಿಯನ್ನೂ ಕೊಟ್ಟವಳು ನಾನೇ ಆದೆ.

ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸು, ಒಣಶುಂಠಿ, ಹಿಪ್ಪಲಿ ಕೇಳಿದ ಬೆಲೆಗೇ ಕೊಂಡು, ಖಾಲಿ ತಪ್ಪಲೆ ಕೊಡಬಾರದೆಂದು ಅದರಲ್ಲಿ ತುಂಬಿಕೊಂಡು, ಸಂಜೆ ನಂಜಕ್ಕನ ಮುಂದೆ ಇಟ್ಟೆ. ಅವಳು ಸಾಮಾನನ್ನು ಮೊರಕ್ಕೆ ಸುರಿದು, ತಪ್ಪಲೆಯ ಒಳಗೆ ಹೆಬ್ಬೆಟ್ಟು ಬಿಟ್ಟು ಸುತ್ತಲೂ ಸವರಿದಳು.

‘ಗುಬ್ಬಿ ಆರೋಯ್ತಲ್ಲವ್ವ,’ ಎಂದಳು.

ನಾನು ಮೊರದಿಂದ ಉರುಳಿದ ಮೆಣಸನ್ನು ಆಯ್ದು ಹಾಕಿದೆ.

‘ಸಾಮಾನಿಗೆ ಚೌಕಾಸಿ ಮಾಡುದ್ಯಾ?’

‘ಇಲ್ಲ.’

‘ತಪ್ಲೆಗೆ?’

‘ಅದಕ್ಕೂ ಇಲ್ಲ. ಒಂಬೈನೂರು.’

ನಂಜಕ್ಕ ಬೆಲ್ಲದ ಅಚ್ಚಿನ ಮೇಲೇ ಕೂತುಬಿಟ್ಟಳು. ‘ಒಂಬೈನೂರಾ? ನಿನ್ ತಲೇಲಿ ಏನೈತೆ ಲಕ್ಸ್ಮಿ? ನನ್ ಕರ್ಕೊಂಡೋಗಿದ್ರೆ ಮುನ್ನೂರಕ್ಕೆ ತತ್ತಿದ್ನಲ್ಲ’ ಎಂದು ಶುರುಮಾಡಿದವಳು ಹತ್ತು ನಿಮಿಷ ಬೈದಳು. ಅಷ್ಟು ಹಿತವಾದ ಬೈಗುಳ ನಾನು ಕೇಳಿ ಎಷ್ಟು ಕಾಲವಾಗಿತ್ತೋ. ಬೈದು ಮುಗಿದ ಮೇಲೆ, ‘ನನ್ ನಾಲ್ಗೆಗೆ ನೆಪ್ಪೈತೆ. ದಿನಾ ಒಂದೊಂದ್ ಕಡೆ ಇಳ್ಸಿ ರುಚಿ ನೋಡುದ್ರೆ ಗುಬ್ಬಿ ಎಲ್ಲಿತ್ತು ಅಂತ ಸಿಕ್ತದೆ. ನಮ್ಮನೇಲಿ ಸಂಜೆ ಒಲೆ ಬುಡುವಾಗಾಕಿಲ್ಲ, ನಿಮ್ಮನೇಲೇ ಮಾಡವ. ನಿನ್ ಕೆಮ್ಮು ಐತಲ್ಲ, ಗುಣ ಗೊತ್ತಾಯ್ತದೆ’ ಎಂದಳು. ಅಂಗಡಿಯ ಸಾಲಿನಿಂದ ಹಿಂದಿನ ನನ್ನ ಮನೆಗೆ ಎರಡನೇ ಲೋಟ ಆವತ್ತು ಇಳಿಯಿತು.

ಈಗ ಯುಗಾದಿ ಹತ್ತಿರ ಬಂದಿದೆ. ಕೆಮ್ಮು ಹೋಗಿ ಎಷ್ಟೋ ದಿನವಾಯಿತು. ಗುಬ್ಬಿಯ ಜಾಗ ಮಾತ್ರ ಇನ್ನೂ ಸಿಕ್ಕಿಲ್ಲ. ಅಂಗಡಿ ಮುಚ್ಚಿದ ಮೇಲೆ ನಂಜಕ್ಕ ಬರುತ್ತಾಳೆ, ಕುದಿಸುತ್ತಾಳೆ, ಲೋಟಕ್ಕೆ ಬಗ್ಗಿಸಿ ಕಣ್ಣು ಮುಚ್ಚಿ ಗುಟುಕರಿಸುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ. ನಡುನಡುವೆ ಸೊಸೆಯ ಮೇಲೆ ದೂರು, ಬೆಲ್ಲದ ದರ, ಮಂಡಿನೋವು. ಮೂವತ್ತು ವರ್ಷ ಪಾತ್ರೆ ಹಿಡಿದವಳಿಗೆ ತಗಡಿನ ಗುಟ್ಟು ಗೊತ್ತಾಗದೆ ಇರುತ್ತದೆಯೇ? ನೆಗ್ಗು ತೆಗೆದ ಜಾಗದಲ್ಲಿ ಹಿತ್ತಾಳೆ ತೆಳ್ಳಗಾಗಿರುತ್ತದೆ, ಬೆರಳಿನಿಂದ ತಟ್ಟಿದರೆ ದನಿಯೇ ಬೇರೆ. ಕಂಠದಿಂದ ಸರಿಯಾಗಿ ಮೂರು ಬೆರಳು ಕೆಳಗೆ. ಮೊದಲನೇ ಸಂಜೆಯೇ ನನಗೆ ಸಿಕ್ಕಿತ್ತು. ಹೋದ ವಾರ ನಂಜಕ್ಕ ಅಲ್ಲಿಗೇ ಇಳಿಸಿ, ರುಚಿ ನೋಡಿ, ‘ಇದೇಯೇನೋ ಕಣವ್ವ’ ಎಂದಳು. ನಾನು ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ‘ಇಲ್ಲ ಅಕ್ಕ, ಆವತ್ತಿಂದು ಇನ್ನೂ ಸ್ವಲ್ಪ ಖಾರ ಇತ್ತು’ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ‘ಊಂ, ಇದ್ರೂ ಇರ್ಬೋದು. ನಾಳಿಕ್ಕೆ ನೋಡವ’ ಎಂದು ಲೋಟ ತೊಳೆದಿಟ್ಟು ಹೋದಳು.

ಇಷ್ಟು ಖರ್ಚು ಮಾಡಿ ಕಲಿತದ್ದನ್ನು ನಿಮಗೆ ಹೇಳದಿದ್ದರೆ ಹೇಗೆ? ಓಮ ಕೊಳ್ಳುವಾ​ಗ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಘಾಟು ಮೂಗಿಗೆ ಹೊಡೆಯದಿದ್ದರೆ ಹಳೇ ಮಾಲು, ಬೇಡ ಎನ್ನಿ. ಮೆಣಸನ್ನು ನೀರಿಗೆ ಹಾಕಿ, ತೇಲುವುದು ಜಾಸ್ತಿ ಇದ್ದರೆ ವಾಪಸ್ ಕೊಡಿ. ಅರಿಸಿನದ ಹೊಗೆಯನ್ನು ಒಬ್ಬರೇ ತೆಗೆದುಕೊಳ್ಳಬೇಡಿ, ಹುಬ್ಬು ಬೆಳೆಯಲು ತಿಂಗಳುಗಟ್ಟಲೆ ಬೇಕು. ಜ್ವರ ಮೂರು ದಿನ ಬಿಡದಿದ್ದರೆ ಕಷಾಯ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಮದ್ದಿನ ಸಾಮಾನಿಗೆ ಮಾತ್ರ ಕೇಳಿದ ಬೆಲೆ ಕೊಟ್ಟುಬಿಡಿ, ಉಳಿದದ್ದಕ್ಕೆಲ್ಲ ಅರ್ಧದಿಂದ ಶುರುಮಾಡಿ. ಎದುರುಮನೆಯವರು ಕಷಾಯ ತಂದುಕೊಟ್ಟರೆ ಅವರ ಪಾತ್ರೆಯನ್ನು ತೊಳೆದಿಡಿ, ತೂಗಬೇಡಿ. ಇನ್ನು ಕಷಾಯ ಎಲ್ಲಿಯವರೆಗೆ ಇಂಗಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತಿದ್ದರೂ, ಒಲೆಯ ಮುಂದೆ ಕೂತವರನ್ನು ಒಂದು ಮಾತು ಕೇಳಿ ಇಳಿಸಿ.